ಮನೆ ಕೋಣೆಗೆ ಮಾನಿಟರ್ ಸ್ಪೀಕರ್ ಹೊಂದಿಸುವುದು: ಸೌಂಡ್ ಎಂಜಿನಿಯರ್ ಅಕ್ಕನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಡಿಕೇರಿಯ ಸೌಂಡ್ ಎಂಜಿನಿಯರ್ ಅಕ್ಕ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರು ಮಾನಿಟರ್ ಬಗ್ಗೆ, ಅಂದರೆ ಮಿಕ್ಸ್ ಮಾಡುವಾಗ ಕೇಳುವ ಸ್ಪೀಕರ್ ಬಗ್ಗೆ ಕೇಳಿ. ಕೋಣೆಯ ಅಳತೆ ತಪ್ಪದೆ ಹಾಕಿ.

ಕುಶಾಲನಗರ ಸದಸ್ಯ: ಅಕ್ಕ, ಯಮಹಾ ಎಚ್‌ಎಸ್‌5 ತಂದೆ. ಹಿಂದೆ ರೂಮ್ ಕಂಟ್ರೋಲ್ ಸ್ವಿಚ್ ಇದೆ. ಸೊನ್ನೆ, ಮೈನಸ್ 2, ಮೈನಸ್ 4 ಡೆಸಿಬೆಲ್. ಎಲ್ಲಿ ಇಡಲಿ?

ಎಂಜಿನಿಯರ್: ಗೋಡೆಯಿಂದ ದೂರ ಇದ್ದರೆ ಸೊನ್ನೆ. ಗೋಡೆಗೆ ಹತ್ತಿರ ಇದ್ದರೆ ಮೈನಸ್ 2. ಮೂಲೆಗೆ ತಳ್ಳಿದ್ದರೆ ಮೈನಸ್ 4. ಅದು 500 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುತ್ತದೆ. ಗೋಡೆ ಹತ್ತಿರ ಇದ್ದಾಗ ಬಾಸ್ ಉಬ್ಬುತ್ತದಲ್ವಾ, ಅದಕ್ಕೆ ಕೊಟ್ಟಿರುವುದು.

ಶನಿವಾರಸಂತೆ ಸದಸ್ಯ: ನಮ್ಮದು ತಗಡಿನ ಶೀಟಿನ ಕೋಣೆ. ಮಳೆ ಬಂದರೆ ಮಾನಿಟರ್‌ನಲ್ಲಿ ಏನೂ ಕೇಳುವುದಿಲ್ಲ. ಒಳಗೆ ಏನು ಹೊಡೆಸಬಹುದು?

ನಾಪೋಕ್ಲು ಸದಸ್ಯ: ನಮಸ್ಕಾರ ಅಕ್ಕ. ತಾರಸಿ ಮನೆ. ಕೋಣೆ 10 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ನೆಲಕ್ಕೆ ಟೈಲ್ಸ್. ನಾಲ್ಕು ಜನ ದುಡಿ (ಕೊಡಗಿನ ಚಿಕ್ಕ ಚರ್ಮವಾದ್ಯ) ಹಿಡಿದು ಹಾಡಿದ್ದನ್ನು ಮಿಕ್ಸ್ ಮಾಡುತ್ತಿದ್ದೇನೆ. ಕುರ್ಚಿ ಕೋಣೆಯ ನಟ್ಟನಡುವೆ. ದನಿ ಗುಮ್ಮೆನ್ನುತ್ತದೆ ಅಂತ 110 ಹರ್ಟ್ಸ್ ಹತ್ತಿರ ಚೆನ್ನಾಗಿ ತಗ್ಗಿಸಿದೆ. ಇಲ್ಲಿ ಸರಿಹೋಯಿತು. ಜೀಪಿನಲ್ಲಿ ಹಾಕಿದರೆ ದನಿ ಸೊರಗಿದ ಹಾಗಿದೆ. ನನ್ನದೂ ಎಚ್‌ಎಸ್‌5. ಸ್ಪೀಕರ್ ಹಾಳಾಗಿದೆಯಾ?

ಎಂಜಿನಿಯರ್: ಸ್ಪೀಕರ್ ಸರಿಯಿದೆ. ಗುಮ್ಮೆನ್ನುತ್ತಿರುವುದು ನಿಮ್ಮ ಕೋಣೆ. ಲೆಕ್ಕ ನೋಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಅಡಿ ಅಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ಹೋಗಿಬರುವ ದಾರಿ 6.1 ಮೀಟರ್. 343ನ್ನು 6.1ರಿಂದ ಭಾಗಿಸಿದರೆ 56 ಹರ್ಟ್ಸ್. ಅದರ ಎರಡರಷ್ಟು 112. ಈ ಸ್ವರಗಳು ಗೋಡೆಗಳ ನಡುವೆ ಅಲ್ಲಲ್ಲೇ ನಿಂತುಬಿಡುತ್ತವೆ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಈ ಕಾಟ ಹಂಚಿಹೋಗುತ್ತದೆ. ನಿಮ್ಮಲ್ಲಿ ಮೂರೂ ಒಂದೇ ಜಾಗಕ್ಕೆ ಬಿದ್ದಿವೆ. ನಟ್ಟನಡುವೆ ಕೂತವರಿಗೆ 56 ಹೆಚ್ಚುಕಡಿಮೆ ಕೇಳುವುದೇ ಇಲ್ಲ, 112 ಜೋರಾಗಿ ಬರುತ್ತದೆ. ಗಂಡಸರ ದನಿಯ ಬುಡ ಇರುವುದು ಅದರ ಆಸುಪಾಸಿನಲ್ಲೇ. ಕೋಣೆಯ ಗುಮ್ಮು ತೆಗೆಯಲು ಹೋಗಿ ನೀವು ಹಾಡುವವರ ದನಿ ಕತ್ತರಿಸಿದ್ದೀರಿ. 110ರ ಹತ್ತಿರ ತಗ್ಗಿಸಿದ ಆ ಈಕ್ಯೂ ಮೊದಲು ತೆಗೆಯಿರಿ.

ಮೇಜನ್ನು ಒಂದು ಗೋಡೆಯ ಮಧ್ಯಕ್ಕೆ ಸರಿಸಿ. ಎಚ್‌ಎಸ್‌5ಗೆ ಹಿಂದೆ ಗಾಳಿಯ ತೂತು ಇದೆ. ಗೋಡೆಯಿಂದ 4 ಇಂಚು ಬಿಡಿ, ಜಾಸ್ತಿ ಬೇಡ. ಸ್ಪೀಕರಿನ ಮುಖ ಗೋಡೆಯಿಂದ ಎರಡೂವರೆ ಅಡಿ ಮುಂದೆ ಬಂದರೆ, ಹಿಂದೆ ಬಡಿದು ಬರುವ ಸದ್ದು 113 ಹರ್ಟ್ಸ್ ಹತ್ತಿರ ನೇರ ಸದ್ದನ್ನು ಅಳಿಸುತ್ತದೆ. ಹಿಂದೆ 4 ಇಂಚು ಬಿಟ್ಟಾಗ, ಸ್ಪೀಕರಿನ ಆಳವೂ ಸೇರಿ, ಆ ಗುಂಡಿ 270ರ ಹತ್ತಿರ ಹೋಗುತ್ತದೆ, ಅದನ್ನು ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರಿನ ಹಲಗೆ) ನೋಡಿಕೊಳ್ಳುತ್ತದೆ. ಸ್ವಿಚ್ ಮೈನಸ್ 2. ಎರಡು ಸ್ಪೀಕರ್, ನಿಮ್ಮ ತಲೆ, ಮೂರರ ನಡುವಿನ ದೂರವೂ ಒಂದೇ ಇರಲಿ. ಟ್ವೀಟರ್, ಅಂದರೆ ಮೇಲಿನ ಚಿಕ್ಕ ಸ್ಪೀಕರ್, ಕಿವಿಯ ಮಟ್ಟಕ್ಕೆ ಬರಲಿ. ಆಮೇಲೆ 112 ಹರ್ಟ್ಸ್ ಟೋನ್ ಹಾಕಿ ಕುರ್ಚಿಯನ್ನು ಅರ್ಧರ್ಧ ಅಡಿ ಸರಿಸಿ ಕೇಳಿ. ಒಂದು ಜಾಗದಲ್ಲಿ ಕಿವಿ ತುಂಬುತ್ತದೆ, ಇನ್ನೊಂದರಲ್ಲಿ ಮಾಯವಾಗುತ್ತದೆ. ಎರಡರ ನಡುವೆ ಕೂರಿ.

ನಾಲ್ಕು ಮೂಲೆಗೂ ನೆಲದಿಂದ ಮೇಲಿನವರೆಗೆ ರಾಕ್‌ವೂಲ್ ನಿಲ್ಲಿಸಿ. ಕ್ಯೂಬಿಕ್ ಮೀಟರಿಗೆ 48 ಕೆಜಿಯದು, 4 ಇಂಚಿಗೆ ಕಮ್ಮಿ ಬೇಡ. ಗಾಳಿ ಆಡುವ ಬಟ್ಟೆ ಸುತ್ತಿ. ಗೋಡೆಗೆ ಅಂಟಿಸಬೇಡಿ, ಹಿಂದೆ ಜಾಗ ಇದ್ದರೆ ಬಾಸ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೂ ಕಮ್ಮಿ. ಮಾಡಿದ ಮೇಲೆ ದಯವಿಟ್ಟು ಬರೆಯಿರಿ. ಮೂರೂ ಅಳತೆ ಒಂದೇ ಇರುವ ಕೋಣೆ ನನಗೆ ಅಪರೂಪಕ್ಕೆ ಸಿಕ್ಕಿದೆ, ಏನಾಯಿತು ಅಂತ ತಿಳಿಯಬೇಕು.

ಗೋಣಿಕೊಪ್ಪ ಸದಸ್ಯ: ಫಾರ್ವರ್ಡ್ ಬಂದದ್ದು: “ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿ, 500 ರೂಪಾಯಿಗೆ ಸ್ಟುಡಿಯೋ ರೆಡಿ.” ರಾಕ್‌ವೂಲ್ ಯಾಕೆ ಬೇಕು?

ಎಂಜಿನಿಯರ್: ಮೊಟ್ಟೆ ಟ್ರೇ ಬೇಡ. ತೆಳು ಕಾಗದ ಬಾಸನ್ನು ತಡೆಯುವುದಿಲ್ಲ. ಮೇಲಿನ ಸ್ವರ ಸ್ವಲ್ಪ ಕೆದರುತ್ತದೆ, ಅಷ್ಟೇ. ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ವೈರು, ಅಡಾಪ್ಟರ್ ಇರುವ ಕೋಣೆ ಅದು.

ಸೋಮವಾರಪೇಟೆ ಸದಸ್ಯೆ: ಮೇಡಂ, ರೂಮ್ ಕಂಟ್ರೋಲ್ ಸ್ವಿಚ್ ಎಲ್ಲಿ ಇಡಬೇಕು?

ಎಂಜಿನಿಯರ್: ಮೇಲೆ ಹೇಳಿದ್ದೇನೆ.

ಪೊನ್ನಂಪೇಟೆ ಸದಸ್ಯ: ನಾಪೋಕ್ಲು ಅಣ್ಣ, ದುಡಿಗೆ ಬಾಸ್ ಏರಿಸಿ. ಎದೆಗೆ ಬಡಿಯಬೇಕು. ಈಗಿನವರಿಗೆ ಅದೇ ಬೇಕು.

ಭಾಗಮಂಡಲ ಸದಸ್ಯ: ದುಡಿ ಕೈಯಲ್ಲಿ ಹಿಡಿದು ಬಾರಿಸುವ ವಾದ್ಯ. ಪುತ್ತರಿ ಸುಗ್ಗಿ ಹಬ್ಬಕ್ಕೆ ಮನೆ ಮನೆಗೆ ಬಂದು ಹಾಡುವಾಗ ಎದೆಗೆ ಬಡಿಯುತ್ತದೆಯಾ? ಮದುವೆ ಡಿಜೆ ಮಾಡಬೇಡಿ ಅದನ್ನು.

ಪೊನ್ನಂಪೇಟೆ ಸದಸ್ಯ: ಹಳೇ ಕಾಲದ ಹಾಗೇ ಇಟ್ಟರೆ ಯಾರು ಕೇಳುತ್ತಾರೆ? ನೀವು ಎಷ್ಟು ಮಿಕ್ಸ್ ಮಾಡಿದ್ದೀರಿ?

ಭಾಗಮಂಡಲ ಸದಸ್ಯ: ಮಿಕ್ಸ್ ಮಾಡಿಲ್ಲ. ಮೂವತ್ತು ವರ್ಷ ಹಾಡಿದ್ದೇನೆ. ಸಾಕಾ?

ವಿರಾಜಪೇಟೆ ಸದಸ್ಯ: ಅಕ್ಕ, ಕೋಣೆ 12ಕ್ಕೆ 9. ಮಾನಿಟರ್ ಆನ್ ಮಾಡಿದರೆ ಗುಂಯ್ ಅನ್ನುತ್ತಿತ್ತು. ಒಂದು ವಿಡಿಯೋ ನೋಡಿ ಪ್ಲಗ್‌ನ ಮೇಲಿನ ದಪ್ಪ ಪಿನ್ ಕತ್ತರಿಸಿದೆ. ಸದ್ದು ಪೂರ್ತಿ ನಿಂತಿತು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಹೇಳಿದೆ. ಈಗ ಸ್ವಿಚ್ ಮೈನಸ್ 2 ಸಾಕಾ?

ಎಂಜಿನಿಯರ್: ಸ್ವಿಚ್ ಆಮೇಲೆ. ಆ ಪ್ಲಗ್ ಈಗಲೇ ಕಿತ್ತು ಪಕ್ಕಕ್ಕಿಡಿ. ಕಿತ್ತ ಮೇಲೆ ಇಲ್ಲಿ ಬರೆಯಿರಿ.

ಎಲ್ಲರೂ ಓದಿ. ಆ ದಪ್ಪ ಪಿನ್ ಅರ್ಥ್. ಮಾನಿಟರಿನ ಒಳಗೆ ಕರೆಂಟ್ ಇರುವ ಫೇಸ್ ವೈರು ಕಳಚಿ ಲೋಹದ ಮೈಗೆ ತಾಗಿದರೆ, ಅರ್ಥ್ ಇದ್ದಾಗ ಕರೆಂಟ್ ಆ ದಾರಿಯಲ್ಲಿ ಹರಿದು ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಮಾನಿಟರಿನ ಮೈಯೇ ಕರೆಂಟ್ ಹಿಡಿದು ಕಾಯುತ್ತದೆ. ಕೇಬಲ್ ಮೂಲಕ ಇಂಟರ್‌ಫೇಸ್‌ಗೆ (ಮೈಕನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಪೆಟ್ಟಿಗೆ), ಅಲ್ಲಿಂದ ಮೈಕಿಗೆ ಬರಬಹುದು. ಬರಿಗಾಲಲ್ಲಿ, ತೇವದ ನೆಲದ ಮೇಲೆ, ತುಟಿ ಮೈಕಿಗೆ ತಾಗಿಸಿ ಹಾಡುವವರನ್ನು ನೆನೆಸಿಕೊಳ್ಳಿ. ಈ ವಿಡಿಯೋ ಮಾಡಿದವರು ಆ ಕೋಣೆಯಲ್ಲಿ ಇರುವುದಿಲ್ಲ.

ಗುಂಯ್ ಸದ್ದಿಗೆ ಬೇರೆ ದಾರಿ ಇದೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಎರಡು ಮಾನಿಟರ್, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಬೇರೆ ಬೇರೆ ಸಾಕೆಟ್‌ನ ಅರ್ಥ್ ಸೇರಿ ಸುತ್ತು ಆದಾಗ 50 ಹರ್ಟ್ಸ್ ಗುಂಯ್ ಬರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿ. ನಿಂತರೆ ಆ ಸುತ್ತು ಚಾರ್ಜರ್ ಕಡೆಯಿಂದ. ಇಂಟರ್‌ಫೇಸ್‌ನಿಂದ ಮಾನಿಟರಿಗೆ ಬ್ಯಾಲೆನ್ಸ್‌ಡ್ ಕೇಬಲ್ ಹಾಕಿ, ಪಿನ್ ಮೇಲೆ ಎರಡು ಕಪ್ಪು ಗೆರೆ ಇರುವುದು. ಆಗಲೂ ನಿಲ್ಲದಿದ್ದರೆ ಆಡಿಯೋ ದಾರಿಯಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಮೇನ್ಸ್ ಅರ್ಥ್ ಮುಟ್ಟುವಂತಿಲ್ಲ. ಹಳೇ ಮನೆಯಾದರೆ ಸಾಕೆಟ್‌ಗೆ ಅರ್ಥ್ ನಿಜವಾಗಿ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್ ನೋಡಲಿ. ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಹಾಕಿಸಿ.

ಗೋಣಿಕೊಪ್ಪ ಸದಸ್ಯ: ನನ್ನ ಪರಿಚಯದವರು ಎಷ್ಟೋ ವರ್ಷದಿಂದ ಪಿನ್ ಕತ್ತರಿಸಿ ಹಾಗೇ ಬಳಸುತ್ತಿದ್ದಾರೆ. ಏನೂ ಆಗಿಲ್ಲ.

ಎಂಜಿನಿಯರ್: ಅವರಿಗೂ ಹೋಗಿ ಹೇಳಿ. ಇಲ್ಲಿ ಅದನ್ನು ಸರಿ ಅಂತ ಬರೆಯಬೇಡಿ.

ಪೊನ್ನಂಪೇಟೆ ಸದಸ್ಯ: ಮೂವತ್ತು ವರ್ಷ ಹಾಡಿದವರೆಲ್ಲ ಎಂಜಿನಿಯರ್ ಆಗುವುದಿಲ್ಲ.

ಅಡ್ಮಿನ್: ದುಡಿಯ ಜಗಳ ಇಲ್ಲಿಗೆ ನಿಲ್ಲಿಸಿ. ಮುಂದುವರಿಸಿದರೆ ಇಬ್ಬರ ಮೆಸೇಜೂ ತೆಗೆಯುತ್ತೇನೆ.

ಸಿದ್ದಾಪುರ ಸದಸ್ಯ: 5 ಇಂಚಿನ ಮಾನಿಟರ್ ತಗೊಳ್ಳಲಾ, 8 ಇಂಚಿನದಾ? ಕೋಣೆ 14ಕ್ಕೆ 11.

ಸುಂಟಿಕೊಪ್ಪ ಸದಸ್ಯ: ಅಕ್ಕ, ರೂಮ್ ಕಂಟ್ರೋಲ್ ಸ್ವಿಚ್ ಮೈನಸ್ 4 ಇಟ್ಟರೆ ರಾಕ್‌ವೂಲ್ ಬೇಡ ಅಲ್ವಾ?

ಎಂಜಿನಿಯರ್: ಬೇಕು. ವಿರಾಜಪೇಟೆಯವರೇ, ಪ್ಲಗ್ ಕಿತ್ತಿರಾ?

ಎಂಜಿನಿಯರ್: ವಿರಾಜಪೇಟೆ? ಉತ್ತರ ಕೊಡಿ.

ವಿರಾಜಪೇಟೆ ಸದಸ್ಯ: ಕಿತ್ತೆ ಅಕ್ಕ. ತಮ್ಮ ಹಾಡುತ್ತಿದ್ದ, ಮುಗಿಯಲಿ ಅಂತ ಕಾದೆ. ಎಲೆಕ್ಟ್ರಿಷಿಯನ್ ನಾಳೆ ಬೆಳಿಗ್ಗೆ ಬರುತ್ತಾರೆ.

ಎಂಜಿನಿಯರ್: ಇನ್ನೊಮ್ಮೆ ಕಾಯಬೇಡಿ. ಹೊಸ ಪ್ಲಗ್ ಹಾಕುವವರೆಗೆ ಆ ವೈರು ನಿಮ್ಮ ತಮ್ಮನ ಕೈಗೆ ಸಿಗದ ಹಾಗೆ ಇಡಿ.