21ಕ್ಕೆ ಎರಡು ಸಲ, 34ಕ್ಕೆ ಒಂದು ಸಲ: ಹಸುವಿನ ಮೈ ಭ್ರೂಣವನ್ನು ಒಪ್ಪುತ್ತಿಲ್ಲವೇ?

ಪ್ರಶ್ನೆ:
ಎರಡು ಕರು ಹಾಕಿರುವ ಹಸು. ಕರು ಹಾಕಿ 70 ದಿನಕ್ಕೆ ಮೊದಲ ಸಲ ಕೃತಕ ಗರ್ಭಧಾರಣೆ ಮಾಡಿಸಿದೆ. 21ನೇ ದಿನ ಮತ್ತೆ ಬೆದೆಗೆ ಬಂತು. ಎರಡನೇ ಸಲವೂ ಹಾಗೇ. ಮೂರನೇ ಸಲ 21 ದಾಟಿತು, 25 ದಾಟಿತು, ಈ ಸಲ ಗಬ್ಬ ನಿಂತಿತು ಅಂದುಕೊಂಡೆವು. 34ನೇ ದಿನ ಬೆಳಿಗ್ಗೆ ಲೋಳೆ ಸುರಿಸುತ್ತ ಕೂಗುತ್ತಿತ್ತು. ಪರಿಚಯದವರೊಬ್ಬರು, 'ಇದರ ರೋಗನಿರೋಧಕ ಶಕ್ತಿಯೇ ಭ್ರೂಣವನ್ನು ಕೊಲ್ಲುತ್ತಿದೆ, ಸ್ಟೀರಾಯ್ಡ್ ಹಾಕಿಸಿ ಅದನ್ನು ತಗ್ಗಿಸಿ' ಅಂದರು. ಹಾಗೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಹಸು ಸಾಕುವ ಒಬ್ಬರು:
ಮಾಡಿಸಬೇಡಿ. ನಾನು ಒಂದು ಹಸುವಿಗೆ ಇದೇ ಮಾತು ಕೇಳಿ ಹಾಕಿಸಿದ್ದೆ. ಗರ್ಭಕೋಶದಲ್ಲಿ ಸ್ವಲ್ಪ ಸೋಂಕು ಮೊದಲೇ ಇತ್ತಂತೆ, ನನಗೆ ಗೊತ್ತಿರಲಿಲ್ಲ. ಎರಡು ವಾರದಲ್ಲಿ ಕೀವು ಬರತೊಡಗಿತು. ಅದು ಶುದ್ಧವಾಗುವಷ್ಟರಲ್ಲಿ ಮೂರು ಬೆದೆ ಕಳೆದುಹೋದವು.

ಪಶುವೈದ್ಯರೊಬ್ಬರು:
ಮೇಲಿನವರ ಮಾತಿಗೆ ಕಾರಣ ಸೇರಿಸುತ್ತೇನೆ. ಭ್ರೂಣದಲ್ಲಿ ಅರ್ಧ ತಂದೆಯದು, ಹಾಗಾಗಿ ತಾಯಿಯ ಮೈಗೆ ಅದು ಪರಕೀಯವೇ. ಆದರೂ ತಾಯಿ ಅದನ್ನು ಉಳಿಸಿಕೊಳ್ಳುವುದು ರೋಗನಿರೋಧಕ ವ್ಯವಸ್ಥೆ ನಿದ್ದೆಹೋದದ್ದರಿಂದ ಅಲ್ಲ. ಆ ವ್ಯವಸ್ಥೆ ಎಚ್ಚರವಾಗಿದ್ದು, ಭ್ರೂಣ ಹೇಳುವುದನ್ನು ಕೇಳಿಸಿಕೊಳ್ಳುವುದರಿಂದ.

ವೀರ್ಯ ಬಿದ್ದ ಕೆಲವೇ ಗಂಟೆಗಳಲ್ಲಿ ಗರ್ಭಕೋಶಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ, ಸತ್ತ ವೀರ್ಯಾಣುಗಳನ್ನೂ ಜೊತೆಗೆ ಬಂದ ಬ್ಯಾಕ್ಟೀರಿಯಾಗಳನ್ನೂ ತಿಂದು ಹಾಕುತ್ತವೆ. ಭ್ರೂಣ ನಾಲ್ಕೈದು ದಿನಕ್ಕೆ ಗರ್ಭಕೋಶಕ್ಕೆ ಇಳಿಯುವಾಗ ಜಾಗ ಶುದ್ಧವಾಗಿರಬೇಕು. ಸ್ಟೀರಾಯ್ಡ್ ತಡೆಯುವುದು ಈ ಕೆಲಸವನ್ನೇ.

ಆಮೇಲಿನದು ಇನ್ನೂ ಮುಖ್ಯ. 13ನೇ ದಿನದ ಹೊತ್ತಿಗೆ ಕೆಲವೇ ಮಿಲಿಮೀಟರ್ ಇದ್ದ ಭ್ರೂಣ ನಾಲ್ಕೇ ದಿನದಲ್ಲಿ ಹತ್ತಾರು ಸೆಂಟಿಮೀಟರ್ ಉದ್ದದ ದಾರದಂತಾಗುತ್ತದೆ. ಹೀಗೆ ಉದ್ದವಾಗುತ್ತಲೇ ಅದರ ಹೊರಪದರ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಸುರಿಸುತ್ತದೆ. ಇಂಟರ್‌ಫೆರಾನ್ ಎಂದರೆ ವೈರಸ್ ನುಗ್ಗಿದಾಗ ಜೀವಕೋಶಗಳು ಕೂಗುವ ಎಚ್ಚರಿಕೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಭ್ರೂಣವು ಅದೇ ಕೂಗನ್ನು 'ನಾನು ಇದ್ದೇನೆ' ಎನ್ನಲು ಬಳಸಿಕೊಂಡಿದೆ. ಕುರಿಯ ಭ್ರೂಣದ ಈ ಪ್ರೋಟೀನ್ ಇಂಟರ್‌ಫೆರಾನ್ ಕುಟುಂಬದ್ದು ಎಂದು 1987ರಲ್ಲಿ ತಿಳಿದುಬಂತು. ಓದಿದ ದಿನದಿಂದ ಇವತ್ತಿನವರೆಗೂ ನನ್ನ ಬೆರಗು ಇಳಿದಿಲ್ಲ.

ಸುಮಾರು 16-17ನೇ ದಿನದೊಳಗೆ ಈ ಸುದ್ದಿ ಮುಟ್ಟದಿದ್ದರೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಅಂಡಾಶಯದ ಕಾರ್ಪಸ್ ಲೂಟಿಯಂ ಎಂಬ ಗಂಟು ಕರಗುತ್ತದೆ, ಅದು ಸುರಿಸುತ್ತಿದ್ದ, ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿಯುತ್ತದೆ, 21ಕ್ಕೆ ಬೆದೆ. ಮುಟ್ಟಿದರೆ ಅದಾವುದೂ ನಡೆಯುವುದಿಲ್ಲ. ಗರ್ಭಕೋಶದ ಒಳಪದರದಲ್ಲಿ ದಾಳಿಯ ಬದಲು ಸಹನೆಯ ಕಡೆ ವಾಲಿದ ಕಣಗಳು ಸೇರುತ್ತವೆ, ತಾಯಿಯ ರಕ್ತದಲ್ಲಿ ಓಡಾಡುವ ಬಿಳಿ ಕಣಗಳೂ 18-20ನೇ ದಿನಕ್ಕೆ ಆ ಕೂಗಿಗೆ ಓಗೊಟ್ಟ ಗುರುತು ತೋರಿಸುತ್ತವೆ. ಭ್ರೂಣವೂ ತನ್ನ ಹೊರಕೋಶಗಳ ಮೇಲಿನ ಗುರುತಿನ ಪ್ರೋಟೀನುಗಳನ್ನು ಕಡಿಮೆ ಮಾಡಿಕೊಂಡಿರುತ್ತದೆ.

ಈಗ ನಿಮ್ಮ ಲೆಕ್ಕ ನೋಡಿ. 21ಕ್ಕೆ ಬಂದ ಎರಡು ಸಲ ಒಂದೋ ಅಂಡ ಫಲಿಸಿಲ್ಲ, ಇಲ್ಲವೇ ಭ್ರೂಣ ಸುದ್ದಿ ಮುಟ್ಟಿಸುವ ಮೊದಲೇ ಸತ್ತಿದೆ. ಮೂರನೇ ಸಲದ ಕಥೆ ಬೇರೆ. ಬಹುಶಃ ಸುದ್ದಿ ಮುಟ್ಟಿತ್ತು, ತಾಯಿ ಒಪ್ಪಿಕೊಂಡಿತ್ತು, ಆಮೇಲೆ ಏನೋ ಕೆಡಿಸಿದೆ. 20ರಿಂದ 34ರ ನಡುವೆ ಆ ಹಸುವಿಗೆ ಏನಾಯಿತು, ನೆನಪಿಸಿಕೊಂಡು ಹೇಳಿ. ಜ್ವರ, ಕೆಚ್ಚಲು ಬಾವು, ಲಸಿಕೆ, ಬಿಸಿಲ ಧಗೆ, ಯಾವುದಾದರೂ ಸರಿ.

ಇನ್ನೊಬ್ಬ ರೈತರು:
ಕೆಚ್ಚಲು ಬಾವು ಅಂದದ್ದು ಸರಿಯಾಗಿದೆ. ನಮ್ಮಲ್ಲಿ ಒಂದು ಹಸು ಎರಡು ಸಲ ನಿಂತೂ ಹೋಯಿತು, ಎರಡೂ ಸಲ ಅದೇ ತಿಂಗಳಲ್ಲಿ ಒಂದು ಮೊಲೆಯಲ್ಲಿ ಹಾಲು ಒಡೆದಿತ್ತು. ಕೆಚ್ಚಲಿಗೂ ಗರ್ಭಕ್ಕೂ ಏನು ಸಂಬಂಧ ಅಂತ ನಾನು ಕೇಳಲೇ ಇಲ್ಲ. ಕೇಳಬೇಕಿತ್ತು.

ಪಶುವೈದ್ಯರು:
ಸಂಬಂಧ ಇದೆ. ಬಾವು ಎಲ್ಲೇ ಆದರೂ ಬ್ಯಾಕ್ಟೀರಿಯಾದ ವಿಷ ಮತ್ತು ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಪ್ರೊಸ್ಟಗ್ಲಾಂಡಿನ್ ಏರಿಸುತ್ತವೆ. ಭ್ರೂಣ ಕಷ್ಟಪಟ್ಟು ತಡೆದಿದ್ದು ಅದನ್ನೇ.

ಹೈನುಗಾರಿಕೆಯಲ್ಲಿರುವ ಮತ್ತೊಬ್ಬರು:
ನನ್ನದೊಂದು ಕಿವಿಮಾತು. ಬೆದೆ ಕಂಡ ಕೂಡಲೇ ಮತ್ತೆ ಹಾಕಿಸಬೇಡಿ, ಮೊದಲು ಪರೀಕ್ಷೆ ಮಾಡಿಸಿ. ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರಿಸುತ್ತವೆ. ನಾನು ಅವಸರದಲ್ಲಿ ಮತ್ತೆ ಹಾಕಿಸಿ ಒಂದು ಗಬ್ಬ ಕಳೆದುಕೊಂಡಿದ್ದೇನೆ, ಇವತ್ತಿಗೂ ಆ ಹಸುವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 20ನೇ ದಿನಕ್ಕೇ ರಕ್ತದಲ್ಲಿ ಹೇಳುವ ಪರೀಕ್ಷೆ ಇದೆಯಂತೆ, ನಂಬಬಹುದೇ?

ಪಶುವೈದ್ಯರು:
ಬಿಳಿ ಕಣಗಳ ಆ ಇಂಟರ್‌ಫೆರಾನ್ ಗುರುತನ್ನು ಅಳೆಯುವ ವಿಧಾನ ಅದು. ವೈರಸ್ ಸೋಂಕು ತಗುಲಿದ್ದರೂ ಅದೇ ಗುರುತು ಏರುವುದರಿಂದ ಗಬ್ಬ ಎಂದು ತಪ್ಪಾಗಿ ತೋರಬಹುದು. 28-30 ದಿನಕ್ಕೆ ಅಲ್ಟ್ರಾಸೌಂಡ್, ಅಥವಾ ಮಾಸು ಬಿಡುವ ಪ್ರೋಟೀನಿನ ರಕ್ತಪರೀಕ್ಷೆ ಹೆಚ್ಚು ಭರವಸೆಯದು. ಭ್ರೂಣ ಸತ್ತ ಮೇಲೂ ಕೆಲವು ದಿನ, ಹಿಂದಿನ ಕರು ಹಾಕಿದ ಮೇಲೂ ಹಲವು ವಾರ ಆ ಪ್ರೋಟೀನ್ ರಕ್ತದಲ್ಲಿ ಉಳಿಯುತ್ತದೆ, ಅದು ಗಮನದಲ್ಲಿರಲಿ.

ಕೇಳಿದವರು:
ಪುಸ್ತಕ ತೆಗೆದು ನೋಡಿದೆ. 24ನೇ ದಿನ ಹಿಂದಿನ ಎಡ ಮೊಲೆ ಊದಿತ್ತು, ಮೈ ಬಿಸಿ ಇತ್ತು, ಎರಡು ದಿನ ಮೇವು ಬಿಟ್ಟಿತ್ತು. ನಾನೇ ಬರೆದಿಟ್ಟಿದ್ದೆ, ಎರಡನ್ನೂ ಸೇರಿಸಿ ನೋಡಿರಲಿಲ್ಲ. ಸ್ಟೀರಾಯ್ಡ್ ಯೋಚನೆ ಬಿಟ್ಟೆ. ಮುಂದೇನು ಮಾಡಲಿ ಡಾಕ್ಟ್ರೇ?

ಪಶುವೈದ್ಯರು:
ಬಾವೇ ಕಾರಣ ಎಂದು ಈಗಲೇ ಮುದ್ರೆ ಒತ್ತುವುದು ಬೇಡ, ಆದರೆ ಮೊದಲ ಅನುಮಾನ ಅದೇ. ನಾಲ್ಕೂ ಮೊಲೆಯ ಹಾಲು ಪರೀಕ್ಷೆ ಮಾಡಿಸಿ ಪೂರ್ತಿ ವಾಸಿಮಾಡಿ. ಮುಂದಿನ ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿದೆಯೋ ನೋಡಿ. ಬಿಳಿ ಎಳೆ ಕಂಡರೆ ಆ ಬೆದೆ ಬಿಟ್ಟು ಗರ್ಭಕೋಶಕ್ಕೆ ಚಿಕಿತ್ಸೆ ಕೊಡಿಸಿ. ಐಬಿಆರ್‌ (ಉಸಿರಾಟಕ್ಕೂ ಗರ್ಭಕ್ಕೂ ತೊಂದರೆ ಕೊಡುವ ವೈರಸ್ ರೋಗ) ನಂಥದ್ದಕ್ಕೆ ಜೀವಂತ ವೈರಸ್‌ನ ಲಸಿಕೆ ಹಾಕಿಸುವುದಿದ್ದರೆ ಗಬ್ಬಕ್ಕೆ ಸಾಕಷ್ಟು ಮೊದಲೇ ಮುಗಿಸಿ. ಬೇರೆ ಹಸುಗಳೂ 30-35 ದಿನಕ್ಕೆ ಬೆದೆಗೆ ಬರುತ್ತಿದ್ದರೆ ಕೊಟ್ಟಿಗೆಯಲ್ಲೇ ಸೋಂಕು ಸುತ್ತುತ್ತಿರಬಹುದು, ಆಗ ರಕ್ತದ ಮಾದರಿ ಕಳಿಸಬೇಕಾಗುತ್ತದೆ. ಉಳಿದ ಹಸುಗಳ ದಿನಾಂಕಗಳೂ ಆ ಪುಸ್ತಕದಲ್ಲಿ ಇದ್ದರೆ ಇಲ್ಲೇ ಬರೆಯಿರಿ, ಜೊತೆಯಲ್ಲೇ ನೋಡೋಣ.