ಎಕ್ಸ್‌ರೇ ಸರಿ ಇದೆ, ಆದರೆ ಕಾಲು ಎತ್ತಲು ಆಗುತ್ತಿಲ್ಲ

(ಉಡುಪಿ-ಮಂಗಳೂರು ಆರೋಗ್ಯ ಗುಂಪು. ಇಂದು ಉತ್ತರಿಸುವವರು: ಎಮರ್ಜೆನ್ಸಿ ವಿಭಾಗದ ಡಾಕ್ಟರ್)

ಕಾರ್ಕಳ: ಡಾಕ್ಟ್ರೇ, ಅಪ್ಪನಿಗೆ 62, ಶುಗರ್ ಉಂಟು. ನಿನ್ನೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿದರು. ಬೀಳದ ಹಾಗೆ ಕಾಲು ಊರಿದಾಗ ಮಂಡಿಯಲ್ಲಿ ‘ಟಪ್’ ಅಂದಿತಂತೆ. ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ ಅಂತ ಪಟ್ಟಿ ಸುತ್ತಿ ಕಳಿಸಿದರು. ಮೂರು ವಾರ ಬಿಟ್ಟು ಬರಲು ಹೇಳಿದ್ದಾರೆ. ನಡೆದರೆ ಮಂಡಿ ಕುಸಿಯುತ್ತದೆ.

ಡಾಕ್ಟರ್: ಅಪ್ಪನನ್ನು ಮಲಗಿಸಿ. ಮಂಡಿ ಮಡಚದೆ ಹಿಮ್ಮಡಿ ಎತ್ತಲು ಹೇಳಿ. ಎತ್ತುತ್ತಾರಾ? ನೋಡಿ ಈಗಲೇ ಬರೆಯಿರಿ.

ಸುರತ್ಕಲ್: ಮಂಡಿ ನೋವಿಗೆಲ್ಲ ಎಂಆರ್‌ಐ ಬೇಕಾ?

ಡಾಕ್ಟರ್: ಬೇಡ.

ಕಾರ್ಕಳ: ಇಲ್ಲ ಡಾಕ್ಟ್ರೇ. ಬೆರಳು, ಪಾದ ಆಡಿಸುತ್ತಾರೆ. ಹಿಮ್ಮಡಿ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಚಿಪ್ಪಿನ ಮೇಲ್ಗಡೆ ಒತ್ತಿದರೆ ಎರಡು ಬೆರಳು ಕುಳಿಗೆ ಇಳಿದ ಹಾಗೆ ಆಗುತ್ತದೆ.

ಡಾಕ್ಟರ್: ಇನ್ನು ಒತ್ತಬೇಡಿ. ತೊಡೆಯ ಸ್ನಾಯುವನ್ನು ಮಂಡಿ ಚಿಪ್ಪಿಗೆ ಕಟ್ಟಿ ಹಿಡಿಯುವ ದಪ್ಪ ಹಗ್ಗದಂಥ ಭಾಗ ಉಂಟು, ಕ್ವಾಡ್ರಿಸೆಪ್ಸ್ ಟೆಂಡನ್ ಅಂತ. ಅದು ಹರಿದಿರಬಹುದು ಅಂತ ನನಗೆ ಅನುಮಾನ. 40 ದಾಟಿದವರಲ್ಲಿ, ಅದರಲ್ಲೂ ಶುಗರ್, ಕಿಡ್ನಿ ತೊಂದರೆ ಇದ್ದವರಲ್ಲಿ ಹೀಗೆ ಆಗುವುದು ಜಾಸ್ತಿ. ಮಡಚಿದ ಮಂಡಿಯ ಮೇಲೆ ಒಮ್ಮೆಲೇ ಭಾರ ಬಿದ್ದರೆ ಸಾಕು. ಚಿಪ್ಪಿನ ಕೆಳಗಿನ ಟೆಂಡನ್ ಹರಿಯುವುದು ಪ್ರಾಯದ ಹುಡುಗರಲ್ಲಿ ಜಾಸ್ತಿ.

ಮೂಳೆ ಮುರಿಯದಿದ್ದರೆ ಎಕ್ಸ್‌ರೇಯಲ್ಲಿ ಇದು ನೇರವಾಗಿ ಕಾಣುವುದಿಲ್ಲ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಚಿಪ್ಪು ಎಲ್ಲಿ ಕೂತಿದೆ ಅಂತ ನೋಡಬೇಕು. ಮೇಲಿನ ಟೆಂಡನ್ ಹರಿದರೆ ಚಿಪ್ಪು ಕೆಳಗೆ ಜಗ್ಗುತ್ತದೆ, ಕೆಳಗಿನದು ಹರಿದರೆ ಮೇಲೆ ಏರುತ್ತದೆ. ಮಂಡಿಯಲ್ಲಿ ರಕ್ತ ತುಂಬಿ ಊದಿದರೆ ಕುಳಿ ಮುಚ್ಚಿಹೋಗಬಹುದು. ಬರೀ ನೋವಿಗೂ ಕಾಲು ಏಳದೆ ಇರಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಆ ರಕ್ತ ತೆಗೆದು, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ ಎತ್ತಿಸಿ ನೋಡಬಹುದು. ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡಬಹುದು. ಅನುಮಾನ ಉಳಿದರೆ ಎಂಆರ್‌ಐ.

ಮೂರು ವಾರ ಕಾಯಬೇಡಿ. ಪೂರ್ತಿ ಹರಿದಿದ್ದರೆ ಸ್ನಾಯು ಮೇಲಕ್ಕೆ ಎಳೆದುಕೊಂಡು ಗಿಡ್ಡವಾಗುತ್ತದೆ, ಆಮೇಲೆ ಹೊಲಿದು ಜೋಡಿಸುವುದು ಬಹಳ ಕಷ್ಟ. ಇವತ್ತೇ ಮೂಳೆ ಡಾಕ್ಟರ್ ಇರುವ ಕಡೆ ಹೋಗಿ. ‘ಮಂಡಿ ನೋವು’ ಅಂತ ಹೇಳಬೇಡಿ, ‘ಕಾಲು ನೇರ ಇಟ್ಟು ಎತ್ತಲು ಆಗುತ್ತಿಲ್ಲ’ ಅಂತಲೇ ಹೇಳಿ.

ಪಡುಬಿದ್ರಿ: ಫಾರ್ವರ್ಡ್ ಬಂದದ್ದು: ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ, ಕಾಯಿಸಿ ಕಟ್ಟಿ, ಚೆನ್ನಾಗಿ ತಿಕ್ಕಿ. 3 ದಿನದಲ್ಲಿ ನರ ಕೂಡುತ್ತದೆ.

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ಹೊಸ ಪೆಟ್ಟಿಗೆ ಶಾಖ ಕೊಟ್ಟು ತಿಕ್ಕಿದರೆ ರಕ್ತ, ಊತ ಎರಡೂ ಹೆಚ್ಚುತ್ತದೆ. ಹರಿದದ್ದು ನರ ಅಲ್ಲ, ಎಲೆಯಿಂದ ಅದು ಕೂಡುವುದೂ ಇಲ್ಲ.

ಪಡುಬಿದ್ರಿ: ನಮ್ಮ ಅಜ್ಜ ಇದನ್ನೇ ಕಟ್ಟಿ ನೂರಾರು ಜನರನ್ನು ನಡೆಸಿದ್ದಾರೆ.

ಕುಂದಾಪುರ: ಅವೆಲ್ಲ ಉಳುಕು ಇರಬೇಕು ಮಾರಾಯ್ರೇ. ನನ್ನ ಮಾವನಿಗೆ ಎರಡು ತಿಂಗಳು ಎಣ್ಣೆಯೇ ತಿಕ್ಕಿದೆವು. ಈಗಲೂ ಬಸ್ಸಿನ ಮೆಟ್ಟಿಲು ಹತ್ತುವಾಗ ಒಬ್ಬರು ಹಿಡಿಯಬೇಕು.

ಪಡುಬಿದ್ರಿ: ನಿಮಗೆ ಸರಿಯಾದ ಕೈ ಸಿಗಲಿಲ್ಲ, ಅಷ್ಟೇ.

ಕುಂದಾಪುರ: ಕಾಲು ಹೋದದ್ದು ನಮ್ಮ ಮಾವನದ್ದು. ನೀವು ಸುಮ್ನೆ ಮಾತಾಡಬೇಡಿ.

ಬ್ರಹ್ಮಾವರ: ಲೆವೊಫ್ಲಾಕ್ಸಾಸಿನ್ ಅಂತ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದರಿಂದ ಟೆಂಡನ್ ಹರಿಯುತ್ತದಾ?

ಡಾಕ್ಟರ್: ಅಪರೂಪಕ್ಕೆ ಹೌದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಕೆ ಹಾಕಿಸಿದೆ. ಹಿಮ್ಮಡಿಯ ಟೆಂಡನ್‌ಗೆ ಜಾಸ್ತಿ. 60 ದಾಟಿದವರು, ಸ್ಟೀರಾಯ್ಡ್ ಜೊತೆಗೆ ತಿನ್ನುವವರು ಹೆಚ್ಚು ಜಾಗ್ರತೆ. ಅಲ್ಲಿ ನೋವು ಬಂದರೆ ಮಾತ್ರೆ ನಿಲ್ಲಿಸಿ, ಬರೆದುಕೊಟ್ಟ ಡಾಕ್ಟರಿಗೆ ಕೂಡಲೇ ಹೇಳಿ.

ಮೂಡುಬಿದಿರೆ: ನಾನು ದಿನಾ ಸ್ಕ್ವಾಟ್ ಮಾಡುತ್ತೇನೆ. ತೊಂದರೆ ಉಂಟಾ?

ಬಂಟ್ವಾಳ: ಎಂಆರ್‌ಐ ಎಲ್ಲರಿಗೂ ಬೇಕಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಪಡುಬಿದ್ರಿ: ಆಸ್ಪತ್ರೆಯವರಿಗೆ ಆಪರೇಷನ್ ಆದರೇ ಲಾಭ, ಅಲ್ವಾ?

ಡಾಕ್ಟರ್: ಕಾಲು ಎತ್ತಿಸಿ ನೋಡಲು ದುಡ್ಡು ಬೇಡ, ಅರ್ಧ ನಿಮಿಷ ಸಾಕು. ಅದನ್ನು ಮಾಡದೆ ಮನೆಗೆ ಕಳಿಸಿದವರು ತಿಂಗಳು ಕಳೆದು ಕುಂಟುತ್ತಾ ನನ್ನ ಹತ್ತಿರ ಬರುತ್ತಾರೆ. ಆ ಎಲೆಯ ಫಾರ್ವರ್ಡ್ ಇನ್ನೊಮ್ಮೆ ಇಲ್ಲಿ ಹಾಕಬೇಡಿ.

ಕಾರ್ಕಳ: ಹೊರಟೆವು ಡಾಕ್ಟ್ರೇ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದ್ದೇವೆ. ಅಡಿಗೆ ದಿಂಬು ಉಂಟು.

ಡಾಕ್ಟರ್: ಮಂಡಿ ಮಡಚದ ಹಾಗೆ ಹಲಗೆಯನ್ನೋ ಗಟ್ಟಿ ರಟ್ಟನ್ನೋ ಸೇರಿಸಿ ಸಡಿಲವಾಗಿ ಕಟ್ಟಿ. ಪಾದ ತಣ್ಣಗಾದರೆ, ಬಿಳಿಚಿದರೆ ಹೋದ ಕೂಡಲೇ ಅದನ್ನು ಮೊದಲು ಹೇಳಿ. ಶುಗರ್ ಮಾತ್ರೆಯ ಚೀಟಿ, ನಿನ್ನೆಯ ಎಕ್ಸ್‌ರೇ ಕೈಯಲ್ಲಿ ಉಂಟಲ್ಲ?