ಶಿರಸಿಯಲ್ಲಿ ತಿಂಗಳಿಗೊಂದು ಹಳೆಯ ಚಿತ್ರ: ಜನ ಕೂರುತ್ತಾರೆಯೇ?

ದೇವಿಕೆರೆಯ ನೋಡುಗ (ಶಿರಸಿ):

ಮಾನ್ಯರೇ, ನಾವು ಏಳೆಂಟು ಮಂದಿ ಸ್ನೇಹಿತರು ಸೇರಿ ತಿಂಗಳಿಗೊಂದರಂತೆ ಹಳೆಯ ಹಾಗೂ ಕಲಾತ್ಮಕ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದಿದ್ದೇವೆ. ಗಿರೀಶ ಕಾರ್ನಾಡರು ಬಾಲ್ಯ ಕಳೆದ ಊರಿದು. ಆದರೂ ಅವರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ಅಭಿನಯಿಸಿದ ‘ಸಂಸ್ಕಾರ’ವನ್ನು (1970) ನಮ್ಮ ಗುಂಪಿನ ಅರ್ಧದಷ್ಟು ಜನ ನೋಡಿರುವುದು ಮೊಬೈಲಿನಲ್ಲಿ, ಅದೂ ತುಂಡು ತುಂಡಾಗಿ. ಕಳೆದ ಜುಲೈನಲ್ಲಿ ಒಂದು ಸಭಾಭವನ ಹಿಡಿದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು (1955) ತೋರಿಸಿದೆವು. ನಲವತ್ತು ಜನ ಬಂದಿದ್ದರು. ಅರ್ಧ ಚಿತ್ರ ಮುಗಿಯುವ ಹೊತ್ತಿಗೆ ಹದಿನೈದು ಜನ ಉಳಿದಿದ್ದರು. ಇಷ್ಟು ನಿಧಾನದ ಚಿತ್ರಗಳು ಇಲ್ಲಿ ನಡೆಯುವುದಿಲ್ಲ ಎಂದು ನಮ್ಮವರೇ ಕೆಲವರು ಹೇಳತೊಡಗಿದ್ದಾರೆ. ಇದು ನಿಜವೇ? ಹಕ್ಕು, ಪರವಾನಿಗೆಗಳ ವಿಷಯವನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೇ ಆಪರೇಟರ್ (ಕುಮಟಾ):

ನಿಧಾನದ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ತೋಟಕ್ಕೆ ಇಳಿಯುವ ಜನರಿಗೆ ಎರಡು ಗಂಟೆಯ ಚಿತ್ರ ಉದ್ದವಾಯಿತೆಂದರೆ ಯಾರು ನಂಬುತ್ತಾರೆ? ತಮ್ಮ ಆ ಪ್ರದರ್ಶನಕ್ಕೆ ನಾನೂ ಬಂದಿದ್ದೆ, ಆದ್ದರಿಂದ ಕಂಡದ್ದನ್ನೇ ಹೇಳುತ್ತೇನೆ, ಬೇಸರಿಸಬಾರದು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು, ಮೂರನೆಯ ಸಾಲಿನಲ್ಲಿ ಕುಳಿತ ನನಗೇ ರವಿಶಂಕರರ ಸಿತಾರ್ ಕೇಳಿಸಲಿಲ್ಲ. ಕಿಟಕಿಗಳಿಗೆ ತೆಳುವಾದ ಪರದೆಗಳಿದ್ದುದರಿಂದ ಕಪ್ಪು ಇರಬೇಕಾದ ಕಡೆಯೆಲ್ಲ ಬೂದಿಯ ಬಣ್ಣ ಕಾಣುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಹೆಚ್ಚುಕಡಿಮೆ ಚೌಕಾಕಾರದ (ಅಗಲ 1.37ಕ್ಕೆ ಎತ್ತರ 1) ಆ ಚಿತ್ರವನ್ನು ಯಾರೋ ಅಗಲದ ಪರದೆ ತುಂಬಲಿ ಎಂದು ಹಿಗ್ಗಿಸಿಬಿಟ್ಟಿದ್ದರು. ಮುದುಕಿ ಇಂದಿರ್ ಹಣೆಯಿಂದ ಮೇಲಕ್ಕೆ ಇರಲೇ ಇಲ್ಲ. ಕೆಳಗಿನ ಉಪಶೀರ್ಷಿಕೆಯ ಸಾಲೂ ಅರ್ಧ ಕತ್ತರಿಸಿ ಹೋಗಿತ್ತು. ಜನ ಎದ್ದು ಹೋದದ್ದು ರಾಯ್ ಅವರನ್ನು ಬಿಟ್ಟಲ್ಲ.

ಎರಡೂ ಬದಿಗೆ ಕಪ್ಪು ಉಳಿದರೆ ಉಳಿಯಲಿ, ಚಿತ್ರವನ್ನು ಅದರ ಅಳತೆಯಲ್ಲೇ ಬಿಡಿ. ಹನ್ನೆರಡು ಅಡಿ ಅಗಲದ ಪರದೆಗೆ, ಕೋಣೆ ನಿಜವಾಗಿ ಕತ್ತಲಾಗಿದ್ದರೆ, 3000 ಲ್ಯೂಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಧಾರಾಳವಾಯಿತು. ಸಭಾಭವನದ ಧ್ವನಿವರ್ಧಕಗಳು ಭಾಷಣಕ್ಕೆ ಹೊಂದಿಸಿದವು, ಬರಿಯ ಗೋಡೆಗೆ ಮಾತು ಬಡಿದು ಕಲಸಿಹೋಗುತ್ತದೆ. ಹಿಂದಿನ ಗೋಡೆಗೆ ನಾಲ್ಕು ಜಮಖಾನ ತೂಗುಹಾಕಿದರೂ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಕಾಲದಲ್ಲಿ 2000 ಅಡಿಯ ರೀಲು ಸುಮಾರು ಇಪ್ಪತ್ತು ನಿಮಿಷ ಓಡುತ್ತಿತ್ತು, ಪರದೆಯ ಬಲಮೂಲೆಯಲ್ಲಿ ಮಿನುಗುವ ಚುಕ್ಕೆಗೆ ಕಾದು ಎರಡನೆಯ ಮಷೀನಿಗೆ ಬದಲಿಸಬೇಕಿತ್ತು. ಕಣ್ಣು ತಪ್ಪಿದರೆ ಸಭಿಕರ ಶಿಳ್ಳೆ. ಈಗ ಆ ಭಯವಿಲ್ಲ, ಹಾಗಾಗಿಯೇ ಯಾರೂ ಪರದೆಯತ್ತ ನೋಡುತ್ತಿರುವುದಿಲ್ಲ.

ಕಾಳಿತೀರ (ಕಾರವಾರ):

ಮೇಲಿನವರ ಮಾತಿಗೆ ಭಾಷೆಯ ವಿಷಯವನ್ನು ಸೇರಿಸುತ್ತೇನೆ. ಬಂಗಾಳಿ ಮಾತು, ಇಂಗ್ಲಿಷ್ ಉಪಶೀರ್ಷಿಕೆ, ಇವೆರಡರ ನಡುವೆ ನಮ್ಮ ಹಿರಿಯರು ಎಲ್ಲಿ ಹೋಗಬೇಕು? ಕಥೆಯನ್ನೂ ಪಾತ್ರಗಳ ಸಂಬಂಧವನ್ನೂ ಒಂದು ಪುಟ ಕನ್ನಡದಲ್ಲಿ ಅಚ್ಚುಹಾಕಿಸಿ ಬಾಗಿಲಲ್ಲೇ ಕೊಡಿ. ಚಿತ್ರದ ನಡುವೆ ಯಾರಾದರೂ ತಾಳಮದ್ದಳೆಯ ಅರ್ಥಧಾರಿಯಂತೆ ವಿವರಿಸಲಿ ಎಂಬ ಸಲಹೆ ಬರಬಹುದು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿಗಳು ಹಾಗೆಯೇ ಮಾಡುತ್ತಿದ್ದರು. ಮೂಕಿ ಚಿತ್ರಕ್ಕಾದರೆ ಆಗಲಿ, ಮಾತಿರುವ ಚಿತ್ರಕ್ಕೆ ಖಂಡಿತ ಬೇಡ.

ಮೊದಲ ಕೆಲವು ತಿಂಗಳು ಕನ್ನಡದ್ದೇ ಇಡಿ. ನಾ. ಡಿಸೋಜರ ಕೃತಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ಏರಿದಂತೆ ಮನೆಯೊಂದು ಒಂಟಿಯಾಗುತ್ತದೆ. ಕದ್ರಾ, ಕೊಡಸಳ್ಳಿ, ಸೂಪಾ ಎಂಬ ನಮ್ಮ ಅಣೆಕಟ್ಟುಗಳ ಹೆಸರುಗಳನ್ನು ಹೇಳಿದರೆ ಸಾಕು, ಇಲ್ಲಿ ಅದಕ್ಕೆ ಮುನ್ನುಡಿ ಬೇಕಿಲ್ಲ. ಆಮೇಲೆ ರಾಯ್ ಅವರ ‘ಚಾರುಲತಾ’ (1964) ತನ್ನಿ. ಮೂಲಕಥೆ ಬರೆದ ರವೀಂದ್ರನಾಥರು 1883ರಲ್ಲಿ ನಮ್ಮ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದವರು. ಊರಿಗೆ ಪರಿಚಯವಿರುವ ಹೆಸರಿನಿಂದ ಒಳಗೆ ಬಂದವರು ಚಿತ್ರ ನೋಡಿಯೇ ಹೋಗುತ್ತಾರೆ.

ತೋಟಗಾರ (ಸಿದ್ದಾಪುರ):

ಹಕ್ಕಿನ ಬಗ್ಗೆ ಸಂಕ್ಷೇಪವಾಗಿ ತಿಳಿಸುತ್ತೇನೆ. ನಮ್ಮ ದೇಶದಲ್ಲಿ ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಅದಕ್ಕಿಂತ ಈಚಿನವುಗಳಿಗೆ ನಿರ್ಮಾಪಕರ ಅಥವಾ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಸಲ್ಲುವುದಿಲ್ಲ. ಸಂಘ ನೋಂದಾಯಿಸಿ, 1959ರಲ್ಲಿ ರಾಯ್ ಅವರ ಅಧ್ಯಕ್ಷತೆಯಲ್ಲಿ ಆರಂಭವಾದ ಭಾರತೀಯ ಚಿತ್ರ ಸಮಾಜಗಳ ಒಕ್ಕೂಟಕ್ಕೆ ಸೇರಿದರೆ ಪತ್ರವ್ಯವಹಾರ ಸುಲಭವಾಗುತ್ತದೆ. ‘ಘಟಶ್ರಾದ್ಧ’ದ (1977) ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ, ಅದನ್ನೇ ಕೇಳಿ, ಅಂತರ್ಜಾಲದಲ್ಲಿರುವ ಮಸುಕು ಪ್ರತಿಗೆ ತೃಪ್ತರಾಗಬೇಡಿ. ನಮಗೆ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿದೆ. ಅಲ್ಲಿಗೊಮ್ಮೆ ಹೋಗಿ ಕೇಳಿ ಬನ್ನಿ.

ಇನ್ನೊಂದು ಮಾತು: ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಸಂಜೆಯ ಹೊತ್ತು ಇಡಬೇಡಿ, ಕೊನೆಯ ಬಸ್ಸಿನ ಸಮಯವನ್ನೂ ನೋಡಿಕೊಳ್ಳಿ. ನಿಮ್ಮ ಆ ಹದಿನೈದು ಜನರಲ್ಲಿ ನಾನಿರಲಿಲ್ಲ, ಏಕೆಂದರೆ ನನ್ನ ಬಸ್ಸು ಎಂಟಕ್ಕೇ ಇತ್ತು.

ದೇವಿಕೆರೆಯ ನೋಡುಗ (ಶಿರಸಿ):

ಎಲ್ಲರಿಗೂ ಕೃತಜ್ಞತೆಗಳು. ಹಿಗ್ಗಿಸಿದ ‘ಯಾರೋ’ ನಾನೇ. ಮಳೆಗಾಲ ಕಳೆದ ಮೇಲೆ, ಭಾನುವಾರ ಮಧ್ಯಾಹ್ನ ಎರಡಕ್ಕೆ ‘ದ್ವೀಪ’ದಿಂದ ಆರಂಭಿಸುವುದೆಂದು ಗೆಳೆಯರು ಒಪ್ಪಿದ್ದಾರೆ, ಹಕ್ಕುದಾರರಿಗೆ ಪತ್ರ ಬರೆಯುತ್ತಿದ್ದೇವೆ. ಹಗಲಿನ ಪ್ರದರ್ಶನವಾದ್ದರಿಂದ ಒಂಬತ್ತು ಕಿಟಕಿಗಳಿಗೆ ದಪ್ಪನೆಯ ಕಪ್ಪು ಬಟ್ಟೆ ಬೇಕಾಗಿದೆ. ಯಾರ ಬಳಿಯಾದರೂ ಇದ್ದರೆ ತಿಳಿಸಿ, ಒಗೆದು ಹಿಂದಿರುಗಿಸುತ್ತೇವೆ.